ಸೀಟ್ ಬೆಲ್ಟ್ ಒಳಗೆ ಸರಿಯುತ್ತಿಲ್ಲವೇ?

ಬಕಲ್ ಒತ್ತಿ ಬಿಚ್ಚಿದ ಕೂಡಲೇ ಸರ್ರನೆ ಒಳಗೆ ಹೋಗಬೇಕಾದ ಬೆಲ್ಟು ಅರ್ಧಕ್ಕೇ ನಿಂತು ಸೀಟಿನ ಪಕ್ಕ ಜೋತುಬೀಳುತ್ತದೆ. ಇಳಿಯುವ ಅವಸರದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಬಾಗಿಲು ಹಾಕಿದಾಗ ಟಕ್ಕೆಂದು ಸದ್ದು. ಬೆಲ್ಟಿನ ಲೋಹದ ನಾಲಗೆ ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಇಂಥ ಕಾರಿನ ಬಾಗಿಲನ್ನು ತೆರೆದು ಕೆಳ ಅಂಚನ್ನು ಬಗ್ಗಿ ನೋಡಿದರೆ ಸಾಕ್ಷಿ ಅಲ್ಲೇ ಇರುತ್ತದೆ: ಒಂದೇ ಜಾಗದಲ್ಲಿ ಮತ್ತೆ ಮತ್ತೆ ಪೆಟ್ಟು ಬಿದ್ದು ಬಣ್ಣ ಕಿತ್ತಿರುತ್ತದೆ, ಬೆಲ್ಟಿನ ಪಟ್ಟಿಯ ಅಂಚಿನಲ್ಲಿ ನೂಲಿನ ಎಳೆಗಳು ಎದ್ದಿರುತ್ತವೆ.

ಹೆಚ್ಚಿನವರು ಇದನ್ನು ಸಣ್ಣ ಕಿರಿಕಿರಿ ಎಂದುಕೊಂಡು ಸುಮ್ಮನಾಗುತ್ತಾರೆ. ಕೈಯಿಂದ ಒಳಗೆ ತುರುಕಿ, ಬಾಗಿಲು ಹಾಕಿ ಹೋಗುತ್ತಾರೆ. ಆದರೆ ಬಿಚ್ಚಿದಾಗ ಒಳಗೆ ಹೋಗದ ಬೆಲ್ಟು, ತೊಟ್ಟಾಗ ಮೈಗೆ ಬಿಗಿಯಾಗಿಯೂ ಕೂರುವುದಿಲ್ಲ. ಎರಡೂ ಕೆಲಸ ಒಂದೇ ಸ್ಪ್ರಿಂಗಿನದು. ಸಮಾಧಾನದ ವಿಷಯವೆಂದರೆ, ಇದಕ್ಕೆ ತೀರಾ ಸಾಮಾನ್ಯವಾದ ಕಾರಣ ಬರೀ ಕೊಳೆ. ಸೋಪಿನ ನೀರು, ಬಟ್ಟೆ, ಒಂದು ಕ್ಲಿಪ್ಪು ಇದ್ದರೆ ಮನೆಯಂಗಳದಲ್ಲೇ ಸರಿಪಡಿಸಬಹುದು. ಕಾರಣ ಕೊಳೆಯಲ್ಲದಿದ್ದರೆ ಮಾತ್ರ ಸ್ಕ್ರೂಡ್ರೈವರ್ ಮುಟ್ಟದೆ ಸರ್ವಿಸ್ ಸೆಂಟರಿಗೆ ಹೋಗಬೇಕು. ಯಾವುದು ಮನೆಯಲ್ಲಾಗುವ ಕೆಲಸ, ಯಾವುದು ಅಲ್ಲ ಎಂಬುದು ಪ್ರತಿ ಕಾರು ಮಾಲೀಕರಿಗೂ ಗೊತ್ತಿರಬೇಕು.

ಸಡಿಲ ಬೆಲ್ಟು ಏಕೆ ಅಪಾಯ?

ಇಂದು ನಾವು ಬಳಸುವ, ಸೊಂಟ ಮತ್ತು ಎದೆ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ರೂಪಿಸಿದವರು ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಅದಕ್ಕೂ ಮೊದಲು ಅವರು ವಿಮಾನದ ಪೈಲಟ್‌ಗಳು ಅಪಾಯದಲ್ಲಿ ಹೊರಚಿಮ್ಮುವ ಸೀಟುಗಳ ಮೇಲೆ ಕೆಲಸ ಮಾಡಿದ್ದರು. ವೋಲ್ವೊ ತನ್ನ ಪೇಟೆಂಟನ್ನು ಉಳಿದ ಕಂಪನಿಗಳೂ ಬಳಸಲೆಂದು ಮುಕ್ತವಾಗಿ ಬಿಟ್ಟುಕೊಟ್ಟಿತು. ಆರಂಭದ ಬೆಲ್ಟುಗಳಲ್ಲಿ ತಾನಾಗಿ ಸುತ್ತಿಕೊಳ್ಳುವ ರೀಲು ಇರಲಿಲ್ಲ. ಕೂತವರು ಉದ್ದವನ್ನು ಕೈಯಲ್ಲೇ ಬಿಗಿಮಾಡಿಕೊಳ್ಳಬೇಕಿತ್ತು. ಈಗ ಆ ಬಿಗಿಮಾಡುವ ಕೆಲಸವನ್ನು ರೀಲು ವಹಿಸಿಕೊಂಡಿದೆ. ರೀಲು ಸೋತರೆ ಅದನ್ನು ಮಾಡುವವರು ಯಾರೂ ಇಲ್ಲ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಸಾಗುತ್ತಿರುತ್ತದೆ. ಗೋಡೆಗೋ ಲಾರಿಗೋ ಬಡಿದಾಗ ಅದು ನಿಲ್ಲುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ. ಕಾರು ನಿಂತರೂ ಒಳಗಿನ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಬೆಲ್ಟು ಎದೆಗೆ ಅಂಟಿಕೊಂಡಿದ್ದರೆ ಕಾರಿನ ಜೊತೆಜೊತೆಗೇ ದೇಹವೂ ನಿಧಾನಗೊಳ್ಳುತ್ತದೆ. ನಾಲ್ಕು ಬೆರಳು ಸಡಿಲವಿದ್ದರೆ ಅಷ್ಟು ದೂರ ದೇಹ ತಡೆಯಿಲ್ಲದೆ ನುಗ್ಗಿ, ಬಳಿಕ ಒಮ್ಮೆಲೇ ಬೆಲ್ಟಿಗೆ ಬಡಿಯುತ್ತದೆ. ತಲೆ ಸ್ಟೀರಿಂಗಿಗೆ ಅಷ್ಟೇ ಹತ್ತಿರವಾಗುತ್ತದೆ. ಸೊಂಟದ ಪಟ್ಟಿ ಸಡಿಲವಾಗಿದ್ದರೆ ದೇಹ ಅದರಡಿ ಜಾರಿ, ಪಟ್ಟಿ ಹೊಟ್ಟೆಯ ಮೃದು ಭಾಗಕ್ಕೆ ಒತ್ತುತ್ತದೆ. ಏರ್‌ಬ್ಯಾಗ್ ಇದೆಯಲ್ಲ ಎಂಬ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು. ಬೆಲ್ಟು ದೇಹವನ್ನು ಸರಿಯಾದ ಜಾಗದಲ್ಲಿ ಹಿಡಿದಿರುತ್ತದೆ ಎಂಬ ಲೆಕ್ಕದಲ್ಲೇ ಅದನ್ನು ತಯಾರಿಸಿರುತ್ತಾರೆ.

ಇನ್ನೊಂದು ನಷ್ಟವೂ ಇದೆ. ದಿನವೂ ಕಾಡುವ ಬೆಲ್ಟನ್ನು ಜನ ಕ್ರಮೇಣ ಹಾಕುವುದನ್ನೇ ಬಿಡುತ್ತಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಸೀಟ್ ಬೆಲ್ಟ್ ಹಾಕದೆ ಅಪಘಾತದಲ್ಲಿ ಸತ್ತವರು 16,715 ಮಂದಿ. ಅವರಲ್ಲಿ 8,384 ಮಂದಿ ಚಾಲಕರು, 8,331 ಮಂದಿ ಪ್ರಯಾಣಿಕರು.

ಕಂಬದೊಳಗೆ ಏನಿದೆ?

ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವೆ ನಿಂತಿರುವ, ಮೆಕ್ಯಾನಿಕ್‌ಗಳು ಬಿ ಪಿಲ್ಲರ್ ಎನ್ನುವ ಕಂಬದ ಬುಡದಲ್ಲಿ ಒಂದು ರೀಲು ಅಡಗಿರುತ್ತದೆ. ಅದೇ ರಿಟ್ರ್ಯಾಕ್ಟರ್. ಕನಿಷ್ಠ 46 ಮಿ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿ ಅದರ ಸುತ್ತ ಸುತ್ತಿಕೊಂಡಿರುತ್ತದೆ. ರೀಲಿನ ಒಂದು ಬದಿಗೆ, ಪ್ಲಾಸ್ಟಿಕ್ ಮುಚ್ಚಳದೊಳಗೆ, ತೆಳು ಉಕ್ಕಿನ ಸುರುಳಿ ಸ್ಪ್ರಿಂಗ್ ಇದೆ. ಬಡಗಿಯ ಅಳತೆ ಟೇಪನ್ನು ಒಳಗೆ ಎಳೆದುಕೊಳ್ಳುವಂಥದ್ದೇ ಸ್ಪ್ರಿಂಗ್ ಅದು. ಕಂಬದ ಸೀಳಿನಿಂದ ಹೊರಬಂದ ಪಟ್ಟಿ ಮೇಲಕ್ಕೇರಿ, ಭುಜದ ಮಟ್ಟದಲ್ಲಿರುವ ಒಂದು ರಿಂಗಿನೊಳಗೆ ತೂರಿ ಕೆಳಗೆ ತಿರುಗುತ್ತದೆ.

ಈ ಸ್ಪ್ರಿಂಗಿನ ಬಲ ಬೇಕೆಂದೇ ಕಡಿಮೆ ಇರುತ್ತದೆ. ಬೆಲ್ಟುಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಆರ್-16 ನಿಯಮದಂತೆ ಎದೆಯ ಬೆಲ್ಟಿನ ಎಳೆತ 7 ನ್ಯೂಟನ್ ಮೀರಕೂಡದು. ಅಂದರೆ ಸುಮಾರು 700 ಗ್ರಾಂ ತೂಕ ಎತ್ತುವಷ್ಟು. ಅದಕ್ಕಿಂತ ಹೆಚ್ಚಾದರೆ ಎದೆ ಒತ್ತಿ ದೂರದ ಪ್ರಯಾಣ ಹಿಂಸೆಯಾಗುತ್ತದೆ. ಇಷ್ಟು ಸಣ್ಣ ಬಲವಾದ್ದರಿಂದಲೇ ರಿಂಗಿನಲ್ಲಿ ಒಂದಿಷ್ಟು ಜಿಡ್ಡು ಕಟ್ಟಿದರೂ ಬೆಲ್ಟು ನಿಂತುಬಿಡುತ್ತದೆ. ರೀಲು ಮಾತ್ರ ಸುಲಭಕ್ಕೆ ಸೋಲುವ ವಸ್ತುವಲ್ಲ. ಅದೇ ನಿಯಮದ ಪರೀಕ್ಷೆಯಲ್ಲಿ ಬೆಲ್ಟನ್ನು 40,000 ಸಲ ಎಳೆದು ಬಿಟ್ಟು, ತುಕ್ಕು ಮತ್ತು ಧೂಳಿನ ಪರೀಕ್ಷೆಗೊಡ್ಡಿ, ಮತ್ತೆ 5,000 ಸಲ ಎಳೆದು ಬಿಡುತ್ತಾರೆ. ಹಾಗಾಗಿ ದೋಷವನ್ನು ಮೊದಲು ಪಟ್ಟಿಯಲ್ಲಿ, ರಿಂಗಿನಲ್ಲಿ ಹುಡುಕಬೇಕು. ರೀಲಿನ ಸರದಿ ಆಮೇಲೆ.

ರೀಲಿನಲ್ಲಿ ಲಾಕ್ ಮಾಡುವ ಎರಡು ವ್ಯವಸ್ಥೆಗಳಿವೆ. ಕಾರು ಒಮ್ಮೆಲೇ ನಿಧಾನಗೊಂಡಾಗ ಅಥವಾ ಓರೆಯಾದಾಗ ಒಂದು ಸಣ್ಣ ಗುಂಡು ಸರಿದು ಹಲ್ಲುಚಕ್ರವನ್ನು ಹಿಡಿಯುತ್ತದೆ. ಪಟ್ಟಿಯನ್ನು ಜೋರಾಗಿ ಜಗ್ಗಿದರೆ ಇನ್ನೊಂದು ಹಿಡಿಯುತ್ತದೆ. ಈಗಿನ ಬಹಳಷ್ಟು ಕಾರುಗಳ ಮುಂದಿನ ಬೆಲ್ಟಿನಲ್ಲಿ ಪ್ರಿಟೆನ್ಷನರ್ ಕೂಡ ಇದೆ. ಡಿಕ್ಕಿಯಾದ ಕ್ಷಣದಲ್ಲಿ ಅದರೊಳಗಿನ ಪುಟ್ಟ ಸ್ಫೋಟಕ ಸಿಡಿದು, ಅನಿಲದ ಒತ್ತಡದಿಂದ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ.

ಲಕ್ಷಣ ನೋಡಿ ಕಾರಣ ಹುಡುಕಿ

ಮೊದಲು ಮಾಡಬೇಕಾದ ಪರೀಕ್ಷೆ ತುಂಬ ಸರಳ. ಕಂಬದ ಸೀಳಿಗೂ ಮೇಲಿನ ರಿಂಗಿಗೂ ನಡುವೆ ಇರುವ ಪಟ್ಟಿಯನ್ನು ಹಿಡಿದು ಒಂದು ಅಡಿಯಷ್ಟು ಮೇಲಕ್ಕೆಳೆದು ನಿಧಾನವಾಗಿ ಬಿಡಿ. ಅದು ಚುರುಕಾಗಿ ಒಳಗೆ ಹೋದರೆ ರೀಲು, ಸ್ಪ್ರಿಂಗು ಚೆನ್ನಾಗಿವೆ ಎಂದರ್ಥ; ತೊಡಕು ಇರುವುದು ರಿಂಗಿನಲ್ಲಿ ಅಥವಾ ಪಟ್ಟಿಯಲ್ಲಿ. ಅಲ್ಲಿಯೂ ಸೋಮಾರಿಯಂತೆ ಬಿದ್ದುಕೊಂಡರೆ ದೋಷ ರೀಲಿನೊಳಗೇ ಇದೆ.

ಬೆಲ್ಟು ಹೊರಗೆ ಸಲೀಸಾಗಿ ಬಂದು, ಒಳಗೆ ಮಾತ್ರ ನಿಧಾನವಾಗಿ ಹೋಗುತ್ತಿದ್ದರೆ ಕೊಳೆಯೇ ಕಾರಣವೆಂದು ಊಹಿಸಬಹುದು. ಬೆವರು, ತಲೆಗೆ ಹಚ್ಚಿದ ಎಣ್ಣೆ, ಧೂಳು ಮೂರೂ ಸೇರಿ ಪಟ್ಟಿಯ ಮೇಲೆ ಅಂಟುತ್ತವೆ; ಪಟ್ಟಿ ಪ್ರತಿ ಸಲ ತಿರುಗುವ ರಿಂಗಿನ ಒಳಮೈಯಲ್ಲಿ ಗಟ್ಟಿಯಾದ ಪದರವಾಗಿ ಕೂರುತ್ತವೆ. ಕರಾವಳಿಯ ಸೆಕೆಯಲ್ಲಿ ಹಗಲಿಡೀ ಓಡುವ ಟ್ಯಾಕ್ಸಿಯ ರಿಂಗಿನೊಳಗೆ ಬಿಳಿ ಬಟ್ಟೆ ತೂರಿಸಿ ಉಜ್ಜಿದರೆ ಬಟ್ಟೆಯ ಮೇಲೆ ಕಾಫಿ ಬಣ್ಣದ ಪಟ್ಟೆ ಮೂಡುತ್ತದೆ. ರಾಯಚೂರು, ಕಲಬುರಗಿ ಕಡೆ ಕಿಟಕಿ ತೆರೆದು ಓಡಿಸುವ ಕಾರುಗಳಲ್ಲಿ ಧೂಳಿನ ಪಾಲು ಹೆಚ್ಚು.

ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಪಟ್ಟಿ ರಿಂಗಿನಲ್ಲಿ ತಿರುಚಿಕೊಂಡಿರಬಹುದು, ಅಥವಾ ಬಾಗಿಲಿಗೆ ಸಿಕ್ಕಿ ಮಡಿಕೆ ಬಿದ್ದಿರಬಹುದು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ದಪ್ಪ ಸೀಟ್ ಕವರ್ ಪಟ್ಟಿಗೆ ಅಡ್ಡ ಬರುವುದೂ ಉಂಟು. ಕವರನ್ನು ಕೈಯಿಂದ ಒತ್ತಿ ಹಿಡಿದು ಬೆಲ್ಟ್ ಬಿಟ್ಟರೆ ಗೊತ್ತಾಗುತ್ತದೆ.

ಹೊರಗೇ ಬಾರದ ಬೆಲ್ಟಿನ ಕಥೆ ಬೇರೆ. ಅದು ಬಹುಪಾಲು ದೋಷವೇ ಅಲ್ಲ. ಆರ್-16 ನಿಯಮದಂತೆ ರೀಲು 12 ಡಿಗ್ರಿವರೆಗೆ ಓರೆಯಾದರೂ ಲಾಕ್ ಆಗಕೂಡದು, 27 ಡಿಗ್ರಿ ಮೀರಿದರೆ ಆಗಲೇಬೇಕು. ಕಡಿದಾದ ಬೇಸ್‌ಮೆಂಟ್ ಇಳಿಜಾರಿನಲ್ಲಿ ನಿಲ್ಲಿಸಿದಾಗ, ಚಾರ್ಮಾಡಿ ಅಥವಾ ಆಗುಂಬೆ ಘಾಟಿಯ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಬೆಲ್ಟು ಬಿಗಿಹಿಡಿದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು. ಪೂರ್ತಿ ಒಳಗೆ ಬಿಟ್ಟು, ಕ್ಷಣ ಕಾದು, ಮೆಲ್ಲಗೆ ಎಳೆದರೆ ಬರುತ್ತದೆ. ಮಡಚುವ ಹಿಂದಿನ ಸೀಟಿನ ಬೆನ್ನೊಳಗೇ ರೀಲು ಕೂರಿಸಿರುವ ಕಾರುಗಳಲ್ಲಿ, ಬೆನ್ನು ಸರಿಯಾಗಿ ಕೊಂಡಿಗೆ ಕೂರದಿದ್ದರೂ ಬೆಲ್ಟು ಬರುವುದಿಲ್ಲ. ಒಮ್ಮೆ ಸೀಟನ್ನು ಹಿಂದಕ್ಕೆ ಒತ್ತಿ ಕ್ಲಿಕ್ ಎನಿಸಿ ನೋಡಿ.

ಅಪಘಾತದ ನಂತರ ಬೆಲ್ಟು ಒಳಗೂ ಹೋಗದೆ ಹೊರಗೂ ಬಾರದೆ ನಿಂತಿದ್ದರೆ, ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗಿನ ದೀಪ ಉರಿಯುತ್ತಲೇ ಇದ್ದರೆ ಪ್ರಿಟೆನ್ಷನರ್ ಸಿಡಿದಿದೆ ಎಂದೇ ಭಾವಿಸಬೇಕು. ಅದು ಒಂದೇ ಸಲ ಬಳಸುವ ವಸ್ತು. ಇಡೀ ಬೆಲ್ಟನ್ನೇ ಬದಲಿಸಬೇಕು.

ಮನೆಯಲ್ಲೇ ತೊಳೆಯುವ ಕ್ರಮ

ಬಿಸಿಲಿರುವ ದಿನ, ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ ಬೆಳಗ್ಗೆಯೇ ಆರಂಭಿಸಿದರೆ ಒಳ್ಳೆಯದು. ಒಣಗಲು ಸಮಯ ಬೇಕು. ಬೆಲ್ಟನ್ನು ಮೆಲ್ಲಗೆ, ಇನ್ನು ಬಾರದು ಎನ್ನುವಷ್ಟು ಪೂರ್ತಿ ಹೊರಗೆಳೆಯಿರಿ. ಕಂಬದ ಸೀಳಿನಿಂದ ಪಟ್ಟಿ ಹೊರಬರುವ ಜಾಗದಲ್ಲಿ ಗಟ್ಟಿ ಬಟ್ಟೆ ಕ್ಲಿಪ್ಪು ಹಾಕಿ, ಅದು ಒಳಗೆ ಹೋಗದಂತೆ ತಡೆಯಿರಿ. ಕೆಲವು ಕಾರುಗಳಲ್ಲಿ ಪೂರ್ತಿ ಎಳೆದ ಮೇಲೆ ಬೆಲ್ಟು ಕಟಕಟ ಎನ್ನುತ್ತ ಒಳಗೆ ಮಾತ್ರ ಹೋಗುತ್ತದೆ, ಹೊರಗೆ ಬರುವುದಿಲ್ಲ. ಅದು ಮಕ್ಕಳ ಸೀಟನ್ನು ಬಿಗಿಯಲೆಂದು ಮಾಡಿದ ವ್ಯವಸ್ಥೆ. ಪೂರ್ತಿ ಒಳಗೆ ಹೋದ ಮೇಲೆ ತಾನಾಗಿ ಬಿಡುತ್ತದೆ.

ಬಕೆಟ್ಟಿನ ಉಗುರುಬೆಚ್ಚಗಿನ ನೀರಿಗೆ ಮಕ್ಕಳ ಶಾಂಪೂ ಅಥವಾ ಪಾತ್ರೆ ತೊಳೆಯುವ ದ್ರವ ನಾಲ್ಕಾರು ಹನಿ ಸಾಕು. ಮೈಕ್ರೋಫೈಬರ್ ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ, ಪಟ್ಟಿಯ ಎರಡೂ ಮೈಯನ್ನು ಉದ್ದುದ್ದಕ್ಕೆ ಒರೆಸಿ. ಅಡ್ಡಡ್ಡ ಉಜ್ಜಿದರೆ ಎಳೆಗಳು ಏಳುತ್ತವೆ. ನೀರು ತೊಟ್ಟಿಕ್ಕಿ ಕಂಬದೊಳಗೆ ಇಳಿಯಬಾರದು, ಅಲ್ಲಿ ರೀಲಿದೆ. ಬಟ್ಟೆಗೆ ಕಂದು ಬಣ್ಣ ಅಂಟುವುದು ನಿಲ್ಲುವ ತನಕ ಒರೆಸಿ, ಕೊನೆಗೆ ಬರೀ ನೀರಿನ ಬಟ್ಟೆಯಿಂದ ಸೋಪು ತೆಗೆಯಿರಿ.

ಇನ್ನು ಮೇಲಿನ ರಿಂಗು. ಇದನ್ನು ಬಿಟ್ಟು ಪಟ್ಟಿ ಮಾತ್ರ ತೊಳೆದರೆ ಪ್ರಯೋಜನ ಅಷ್ಟಕ್ಕಷ್ಟೇ. ಹಳೆಯ ವಿಸಿಟಿಂಗ್ ಕಾರ್ಡಿಗೆ ತೆಳು ಬಟ್ಟೆ ಸುತ್ತಿ, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿ, ರಿಂಗಿನ ಸೀಳಿನೊಳಗೆ ತೂರಿಸಿ ಪಟ್ಟಿ ಉಜ್ಜುವ ಜಾಗವನ್ನು ಅತ್ತಿತ್ತ ತಿಕ್ಕಿ. ಜಿಡ್ಡು ಬಿಡದಿದ್ದರೆ ಬಟ್ಟೆಗೆ ಒಂದಿಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಳ್ಳಬಹುದು. ಅದನ್ನು ರಿಂಗಿಗೆ ಮಾತ್ರ ಬಳಸಿ, ಪಟ್ಟಿಗೆ ಬೇಡ. ಬೆರಳಾಡಿಸಿದಾಗ ಒಳಮೈ ನುಣ್ಣಗಿರಬೇಕು. ಒರಟಾಗಿದ್ದರೆ, ಗೀರು ಬಿದ್ದಿದ್ದರೆ ಅದು ಪಟ್ಟಿಯನ್ನು ಕೊರೆಯುತ್ತದೆ, ಬದಲಿಸುವುದೇ ದಾರಿ.

ಪಟ್ಟಿ ತಿರುಚಿಕೊಂಡಿದ್ದರೆ ಜಗ್ಗಬೇಡಿ. ತಿರುವನ್ನು ರಿಂಗಿನ ಹತ್ತಿರಕ್ಕೆ ತಂದು, ಅಲ್ಲಿ ಪಟ್ಟಿಯನ್ನು ಓರೆಯಾಗಿ ತನ್ನ ಮೇಲೆಯೇ ಮಡಚಿ, ಆ ಮಡಿಕೆಯನ್ನು ಸ್ವಲ್ಪಸ್ವಲ್ಪವೇ ರಿಂಗಿನೊಳಗೆ ಜಾರಿಸಿದರೆ ತಿರುವು ಬಿಚ್ಚಿಕೊಳ್ಳುತ್ತದೆ.

ಕ್ಲಿಪ್ಪು ಹಾಗೇ ಇರಲಿ. ಕಿಟಕಿ ತೆರೆದು, ನೆರಳಿನಲ್ಲಿ ಪೂರ್ತಿ ಒಣಗಲು ಬಿಡಿ. ಮಳೆಗಾಲದ ಮಲೆನಾಡಿನಲ್ಲಿ ಇಡೀ ರಾತ್ರಿ ಬೇಕಾದೀತು. ಒದ್ದೆ ಪಟ್ಟಿ ಒಳಗೆ ಸುತ್ತಿಕೊಂಡರೆ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ. ಒಣಗಿದ ಮೇಲೆ ಕ್ಲಿಪ್ಪು ತೆಗೆದು, ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗೆ ಬಿಡಿ. ಹತ್ತಾರು ಸಲ ಎಳೆದು ಬಿಟ್ಟು ನೋಡಿದರೆ ಫಲ ಕಾಣುತ್ತದೆ.

ಮಾಡಬಾರದವು

ಬೆಲ್ಟು ನುಣ್ಣಗೆ ಜಾರಲೆಂದು ರೀಲಿಗೆ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಹಾಕುವವರಿದ್ದಾರೆ. ಎಣ್ಣೆಗೆ ಧೂಳು ಅಂಟಿ ಕೆಲವೇ ದಿನಗಳಲ್ಲಿ ಮೊದಲಿಗಿಂತ ಕೆಡುತ್ತದೆ. ಲಾಕ್ ಮಾಡುವ ಗುಂಡೂ ಸಿಕ್ಕಿಕೊಳ್ಳಬಹುದು. ಪೆಟ್ರೋಲ್, ಸೀಮೆಎಣ್ಣೆ, ಬ್ಲೀಚ್, ಬಟ್ಟೆ ಬಣ್ಣ ಯಾವುದೂ ಪಟ್ಟಿಯ ಹತ್ತಿರ ಸುಳಿಯಬಾರದು. ಅವು ಎಳೆಗಳ ಶಕ್ತಿಯನ್ನೇ ಕುಂದಿಸಬಹುದು. ಅಂಚಿನಲ್ಲಿ ಎದ್ದ ಎಳೆಯನ್ನು ಲೈಟರಿನಿಂದ ಸುಡುವುದೂ ಬೇಡ. ಹರಿದ, ಕತ್ತರಿಸಿದ, ಸುಟ್ಟ ಪಟ್ಟಿಗೆ ಹೊಲಿಗೆಯ ರಿಪೇರಿ ಇಲ್ಲ.

ರಿಟ್ರ್ಯಾಕ್ಟರಿನ ಮುಚ್ಚಳ ಮಾತ್ರ ಎಂದಿಗೂ ಬಿಚ್ಚಬೇಡಿ. ಬಿಗಿದುಕೊಂಡಿರುವ ಸುರುಳಿ ಸ್ಪ್ರಿಂಗ್ ಚಿಮ್ಮಿದರೆ ಕೈಗೂ ಕಣ್ಣಿಗೂ ಗಾಯವಾಗುತ್ತದೆ, ಮತ್ತೆ ಅದನ್ನು ಸರಿಯಾಗಿ ಸುತ್ತಿ ಕೂರಿಸುವುದು ಆಗದ ಮಾತು. ಪಕ್ಕದಲ್ಲೇ ಪ್ರಿಟೆನ್ಷನರಿನ ಸ್ಫೋಟಕವಿದ್ದರೆ ಅಪಾಯ ಇನ್ನೂ ದೊಡ್ಡದು. ಅಲ್ಲಿ ಹಳದಿ ಕನೆಕ್ಟರ್ ಕಂಡರೆ ಅದನ್ನು ಮುಟ್ಟುವ ಕೆಲಸ ತರಬೇತಿ ಪಡೆದ ತಂತ್ರಜ್ಞರದ್ದು.

ಬಿಗಿ ಬೆಲ್ಟು ಹಿಂಸೆ ಎಂದು ಭುಜದ ಬಳಿ ಕ್ಲಿಪ್ ಹಾಕಿ ಸಡಿಲ ಮಾಡಿಕೊಳ್ಳುವುದು, ಅಲಾರಂ ಬಾರದಂತೆ ಬಕಲ್‌ಗೆ ಬರೀ ನಾಲಗೆ ತುರುಕುವುದು ಇನ್ನೂ ಕೆಟ್ಟ ಉಪಾಯಗಳು. ಇಂಥ ಅಲಾರಂ ನಿಲ್ಲಿಸುವ ಕ್ಲಿಪ್ಪುಗಳ ಮಾರಾಟದ ವಿರುದ್ಧ 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆದೇಶ ಹೊರಡಿಸಿತು. ಐದು ಆನ್‌ಲೈನ್ ಮಾರಾಟ ತಾಣಗಳಿಂದ 13,118 ಜಾಹೀರಾತುಗಳನ್ನು ತೆಗೆಸಲಾಯಿತು.

ಬದಲಿಸಬೇಕಾದಾಗ

ಪಟ್ಟಿ, ರಿಂಗು ಎರಡೂ ಸ್ವಚ್ಛವಾಗಿದ್ದೂ ಬೆಲ್ಟು ಸೋಮಾರಿಯಾಗಿಯೇ ಇದ್ದರೆ ಸ್ಪ್ರಿಂಗು ಸೋತಿದೆ. ಆಗ ರೀಲು ಸಮೇತ ಇಡೀ ಬೆಲ್ಟನ್ನು ಬದಲಿಸುತ್ತಾರೆ. ಚಾಲಕನ ಬದಿಯದು, ಪಕ್ಕದ ಸೀಟಿನದು ಬೇರೆ ಬೇರೆ. ಮಾಡೆಲ್, ತಯಾರಾದ ವರ್ಷಕ್ಕೆ ತಕ್ಕಂತೆ ಪಾರ್ಟ್ ನಂಬರ್ ಕೂಡ ಬದಲಾಗುತ್ತದೆ. ರೀಲು ಯಾವ ಕೋನದಲ್ಲಿ ನಿಲ್ಲಬೇಕು, ಬೋಲ್ಟು ಎಷ್ಟು ಬಿಗಿಯಬೇಕು ಎಂಬುದಕ್ಕೆ ಕಂಪನಿಯ ಲೆಕ್ಕವಿದೆ. ಹಾಗಾಗಿ ಸರ್ವಿಸ್ ಸೆಂಟರಿನಲ್ಲೇ ಹಾಕಿಸಿ, ಪಾರ್ಟ್ ನಂಬರ್ ನಮೂದಾದ ಬಿಲ್ ಕೇಳಿ ಪಡೆಯಿರಿ.

ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಬೆಲ್ಟಿಗೆ ಮನಸೋಲಬೇಡಿ. ಗುಜರಿಗೆ ಬಂದ ಕಾರು ಅಪಘಾತವಾದದ್ದಾಗಿರಬಹುದು. ಒಮ್ಮೆ ದೇಹದ ಭಾರ ತಡೆದ ಪಟ್ಟಿಯ ಎಳೆಗಳು ಹಿಗ್ಗಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ.

ಬದಲಿಸಲು ದುಡ್ಡು ಕೊಡುವ ಮೊದಲು ನಿಮ್ಮ ಕಾರಿಗೆ ರಿಕಾಲ್ ಇದೆಯೇ ಎಂದು ನೋಡಿ. ಬೆಲ್ಟಿನ ದೋಷಕ್ಕಾಗಿ ಕಂಪನಿಗಳೇ ಕಾರು ವಾಪಸ್ ಕರೆಸಿದ ಉದಾಹರಣೆಗಳಿವೆ. 2022ರ ಡಿಸೆಂಬರ್‌ನಲ್ಲಿ ಮಾರುತಿ ಸುಜುಕಿ, ಮುಂದಿನ ಬೆಲ್ಟಿನ ಎತ್ತರ ಹೊಂದಿಸುವ ಭಾಗದಲ್ಲಿ ದೋಷವಿರಬಹುದೆಂದು ಸಿಯಾಜ್, ಬ್ರೆಝಾ, ಎರ್ಟಿಗಾ, ಎಕ್ಸ್‌ಎಲ್6, ಗ್ರ್ಯಾಂಡ್ ವಿಟಾರಾ ಸೇರಿ 9,125 ಕಾರುಗಳನ್ನು ಕರೆಸಿತು. ಮರು ತಿಂಗಳೇ ಹಿಂದಿನ ಬೆಲ್ಟಿನ ಬ್ರ್ಯಾಕೆಟ್ ಪರೀಕ್ಷೆಗೆ 11,177 ಗ್ರ್ಯಾಂಡ್ ವಿಟಾರಾಗಳನ್ನು ಕರೆಸಿತು. ಅಮೆರಿಕದಲ್ಲಿ 1995ರಲ್ಲಿ ಟಕಾಟಾ ಕಂಪನಿಯ ಬಕಲ್‌ಗಳ ಪ್ಲಾಸ್ಟಿಕ್ ಕ್ರಮೇಣ ಪೆಡಸಾಗಿ, ಚೂರಾಗಿ ಒಳಗೆ ಬೀಳುತ್ತಿದ್ದ ಕಾರಣ 80 ಲಕ್ಷಕ್ಕೂ ಹೆಚ್ಚು ವಾಹನಗಳ ರಿಕಾಲ್ ನಡೆಯಿತು. ಆರ್‌ಸಿ ಕಾರ್ಡಿನಲ್ಲಿರುವ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ನಿಮ್ಮ ಕಾರು ರಿಕಾಲ್ ಪಟ್ಟಿಯಲ್ಲಿದೆಯೇ ಎಂದು ತಿಳಿಯುತ್ತದೆ. ರಿಕಾಲ್ ಆದ ಭಾಗದ ರಿಪೇರಿಗೆ ಮಾಲೀಕರು ಹಣ ಕೊಡಬೇಕಿಲ್ಲ.

ಹಿಂದಿನ ಸೀಟನ್ನು ಮರೆಯಬೇಡಿ

ಹಿಂದಿನ ಬೆಲ್ಟುಗಳು ನಮ್ಮಲ್ಲಿ ಬಳಕೆಯಿಲ್ಲದೆಯೇ ಕೆಡುತ್ತವೆ. ಬಕಲ್‌ಗಳು ಸೀಟ್ ಕವರಿನಡಿ ಹುದುಗಿರುತ್ತವೆ. ಪಟ್ಟಿಗಳು ಧೂಳು ಹೊತ್ತು ಸೀಟಿನ ಸಂದಿಯಲ್ಲಿ ಸಿಕ್ಕಿರುತ್ತವೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ, ಸೂರ್ಯಾ ನದಿಯ ಸೇತುವೆಯ ಮೇಲೆ ನಡೆದ ಅಪಘಾತದಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮೃತಪಟ್ಟರು. ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ತಿಳಿಸಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸರು ಹಿಂದಿನ ಸೀಟಿನವರಿಗೂ ಬೆಲ್ಟ್ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲು ಆದೇಶಿಸಿದರು. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ ದಂಡ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದಿದ್ದರೂ ಅಷ್ಟೇ ದಂಡ.

ಮಕ್ಕಳಿರುವ ಮನೆಯಲ್ಲಿ ಜೋತುಬಿದ್ದ ಬೆಲ್ಟಿನಿಂದ ಇನ್ನೊಂದು ಅಪಾಯವಿದೆ. ಆಟವಾಡುತ್ತ ಕುತ್ತಿಗೆಗೆ ಸುತ್ತಿಕೊಂಡಾಗ, ಕಟಕಟ ಎನ್ನುತ್ತ ಒಳಗೆ ಮಾತ್ರ ಹೋಗುವ ಬಗೆಯ ಬೆಲ್ಟಾಗಿದ್ದರೆ ಎಳೆದಷ್ಟೂ ಬಿಗಿಯಾಗುತ್ತದೆ. ಬಳಸದ ಬೆಲ್ಟು ಪೂರ್ತಿ ಒಳಗೇ ಇರಬೇಕು, ಮಕ್ಕಳನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬಾರದು.

ಮುಂದಿನ ಸಲ ಕಾರು ತೊಳೆಯುವಾಗ ಎಲ್ಲ ಬೆಲ್ಟುಗಳನ್ನೂ ಒಂದೊಂದಾಗಿ ಪೂರ್ತಿ ಹೊರಗೆಳೆದು ಬಿಟ್ಟು ನೋಡಿ. ಹರಿದಿದೆಯೇ, ತಿರುಚಿದೆಯೇ, ಕೊನೆಯವರೆಗೂ ತಾನಾಗಿ ಒಳಗೆ ಹೋಗುತ್ತದೆಯೇ, ಜಗ್ಗಿದರೆ ಲಾಕ್ ಆಗುತ್ತದೆಯೇ, ಬಕಲ್ ಕ್ಲಿಕ್ ಎನ್ನುತ್ತದೆಯೇ ಎಂದು ಪರೀಕ್ಷಿಸಿ. ಕೊಳೆಯಿದ್ದರೆ ಅಂದೇ ತೊಳೆಯಿರಿ. ತೊಳೆದರೂ ಸರಿಹೋಗದಿದ್ದರೆ ಮುಂದಿನ ಸರ್ವಿಸ್ ತನಕ ಕಾಯಬೇಡಿ. ಆ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ ಹೆದ್ದಾರಿಗೆ ಇಳಿಯುವ ಮೊದಲೇ ಬೆಲ್ಟು ಬದಲಿಸಿ.